ಗೋಡೆಗೆ ಮುಖ ಮಾಡಿ ಕೊಟ್ಟ ಅಳತೆ

ರವಿಕೆಯ ಪಕ್ಕಕ್ಕೆ ನಾನು ಮೂರು ಸಾಲು ಹೊಲಿಗೆ ಹಾಕುತ್ತೇನೆ. ಒಳಗಿನ ಸಾಲು ಇವತ್ತಿನ ಮೈಗೆ, ಉಳಿದೆರಡು ಮುಂದೆ ಬರುವ ಮೈಗೆ. ಬಿಗಿಯಾಯಿತು ಅನ್ನಿಸಿದಾಗ ಒಳಗಿನದನ್ನು ಬಿಚ್ಚಿದರೆ ಒಂದಿಷ್ಟು ಜಾಗ ಸಿಗುತ್ತದೆ, ಇನ್ನೂ ಬಿಗಿಯಾದರೆ ಎರಡನೆಯದು. ಮೂರನೆಯದೇ ಕೊನೆ. ಅಲ್ಲಿಗೆ ಬಂದ ಮೇಲೆ ಒಳಗೆ ಬಟ್ಟೆ ಇರುವುದಿಲ್ಲ, ಹೊಸ ರವಿಕೆಯೇ ಆಗಬೇಕು. ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಕೂತು ಇಪ್ಪತ್ತಾರು ವರ್ಷವಾಯಿತು. ಐವತ್ತರ ಹೊತ್ತಿಗೆ ಮೂರನೆಯ ಸಾಲಿಗೆ ಬಾರದ ಹೆಂಗಸರನ್ನು ನಾನು ಕಂಡದ್ದು ಕಡಿಮೆ, ಕನ್ನಡಿಯಲ್ಲಂತೂ ಕಂಡಿಲ್ಲ.

ಅಳತೆ ತೆಗೆಯುವಾಗ ಹೆಂಗಸರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಬಾಗಿಲಿಗೆ ಮುಖ ಮಾಡಿದರೆ ಬೀದಿಯವರಿಗೆಲ್ಲ ಕಾಣುತ್ತದೆ, ಅದಕ್ಕೆ ಶುರುವಾದ ಅಭ್ಯಾಸ. ಗೋಡೆಯ ಮೇಲೊಂದು ಕ್ಯಾಲೆಂಡರ್ ಇದೆ. ಅವರು ಎರಡೂ ಕೈ ಮೇಲೆತ್ತಿ ಅದನ್ನೇ ನೋಡುತ್ತಾ ನಿಂತಿರುತ್ತಾರೆ, ನಾನು ಹಿಂದಿನಿಂದ ಟೇಪು ಸುತ್ತುತ್ತೇನೆ. ನನ್ನ ಮುಖ ಕಾಣುವುದಿಲ್ಲವಲ್ಲ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಕ್ಕರೆ ಉಚ್ಚೆ ಹನಿಯುತ್ತದೆ ಎಂದು ಒಬ್ಬಳು. ಗಂಡ ಹತ್ತಿರ ಬಂದರೆ ಉರಿ ತಡೆಯಲಾಗದೆ ಮಗಳ ಕೋಣೆಯಲ್ಲಿ ಮಲಗುತ್ತಿದ್ದೇನೆ ಎಂದು ಇನ್ನೊಬ್ಬಳು. ದಪ್ಪಗಾದ ಮೇಲೆ ನನ್ನವನು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಮತ್ತೊಬ್ಬಳು. ಕ್ಯಾಲೆಂಡರ್‌ಗೆ ಹೇಳಿಕೊಂಡಂತೆ ಹೇಳಿಕೊಳ್ಳುತ್ತಿದ್ದರು. ಎಲ್ಲದಕ್ಕೂ ನನ್ನ ಹತ್ತಿರ ಒಂದು ಉತ್ತರ ಇರುತ್ತಿತ್ತು. ನನ್ನ ಬಾಯಿ ಕತ್ತರಿಗಿಂತ ಜೋರು. ಏನಾದರೊಂದು ಪೋಲಿ ಮಾತಾಡಿ ನಗಿಸಿ ಕಳಿಸುತ್ತಿದ್ದೆ. ಅವರು ನಗುತ್ತಿದ್ದರು, ನಾನು ಅವರ ಕಷ್ಟ ಇಳಿಸಿದೆ ಎಂದುಕೊಳ್ಳುತ್ತಿದ್ದೆ.

ಅವರಲ್ಲೊಬ್ಬಳು ತಿರುಮಕೂಡಲಿನಿಂದ, ಅಂದರೆ ಟಿ. ನರಸೀಪುರದಿಂದ, ಬಸ್ಸು ಹತ್ತಿ ಬರುತ್ತಿದ್ದಳು. ನನ್ನ ತವರು ಮೂಗೂರು. ಅವಳು ನಮ್ಮ ಹಿಂದಿನ ಬೀದಿಯ ಹುಡುಗಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿ ನರಸೀಪುರ ಸೇರಿದಳು, ನಾನು ಇಲ್ಲಿಗೆ ಬಂದೆ. ಆ ಊರಿನಲ್ಲಿ ಟೈಲರುಗಳಿಗೆ ಬರವಿರಲಿಲ್ಲ, ಆದರೂ ನನ್ನ ಕಟಿಂಗ್ ಬಿಟ್ಟು ಬೇರೆ ಯಾರದೂ ಅವಳಿಗೆ ಹಿಡಿಸುತ್ತಿರಲಿಲ್ಲ. ದುಂಡಗೆ, ನಗುನಗುತ್ತಾ ಇದ್ದವಳು. ಎದೆ ಸುತ್ತು ನಲವತ್ತನಾಲ್ಕು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಆರು ಬ್ಲೌಸ್ ಪೀಸು ತಂದು, ಕೈಯೆತ್ತಿ ನಿಂತು, ಗೋಡೆಗೆ ಹೇಳಿದಳು: "ಮುಟ್ಟು ನಿಂತೋಗಿ ಎಲ್ಡು ವರ್ಸ ಆಗಿತ್ತು ಕಣಕ್ಕ. ಈಗ ತಿರ್ಗಾ ಕಾಣಿಸ್ಕಳ್ತಾ ಅದೆ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಂಗಾರೆ ತಿರ್ಗಾ ವಯಸ್ಸಿಗೆ ಬಂದಿದ್ದೀಯ ಬುಡು," ಎಂದೆ. "ನಿನ್ ಗಂಡಂಗೆ ಏಳು, ಆರತಿ ಸೀರೆ ತರ್ಲಿ." ಅವಳು ನಕ್ಕ ನಗೆಗೆ ಟೇಪು ಜಾರಿ ಕೆಳಗೆ ಬಿತ್ತು. ನಾನು ಇನ್ನೊಮ್ಮೆ ಸುತ್ತಿ ಅದೇ ನಲವತ್ತನಾಲ್ಕು ಬರೆದುಕೊಂಡೆ.

ಎಂಟು ತಿಂಗಳು ಬಿಟ್ಟು ಬಂದಾಗ ಅವಳ ಅಳತೆ ನಲವತ್ತು. ಇಳಿದಿದ್ದೀಯ, ಚೆನ್ನಾಗಿ ಕಾಣುತ್ತೀಯ ಎಂದೆ. ಏನು ಮಾಡಿದೆ, ನನಗೂ ಹೇಳಿಕೊಡು ಎಂದು ಪೀಡಿಸಿದೆ. ಆಮೇಲಿನ ಸಲ ಮೂವತ್ತಾರು. ಆಗ ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಮೇಲೆ ಅವಳು ಬರಲೇ ಇಲ್ಲ. ಅವಳ ರವಿಕೆಗಳೆಲ್ಲ ಸಡಿಲವಾಗಿವೆ, ನೀನೇ ಬಂದು ಹೊಲಿಗೆ ಹಿಡಿದುಕೊಡಬೇಕಂತೆ ಎಂದು ಅವಳ ಮನೆಯಿಂದ ಫೋನು ಬಂದಾಗ ಟೇಪು ಚೀಲಕ್ಕೆ ಹಾಕಿಕೊಂಡು ನಾನೇ ಬಸ್ಸು ಹತ್ತಿದೆ.

ನರಸೀಪುರದ ಅವರ ಮನೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದಳು. ಗರ್ಭಕೋಶದಲ್ಲಿ ಶುರುವಾದದ್ದು ಹೊಟ್ಟೆಗೆಲ್ಲ ಹಬ್ಬಿದೆ ಎಂದು ಅವಳ ನಾದಿನಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಅವಳಿಗೆ ಕೈ ಎತ್ತಲಾಗುತ್ತಿರಲಿಲ್ಲ. ಮಲಗಿದ್ದ ಹಾಗೆಯೇ ಬೆನ್ನಿನ ಕೆಳಗೆ ಟೇಪು ತೂರಿಸಿ ಎಳೆದೆ. ಮೂವತ್ತೊಂದು. ಈ ಸಲ ಅವಳ ಮುಖ ನನ್ನ ಕಡೆಗೇ ಇತ್ತು.

"ನೀ ಏಳ್ದಲ್ಲಕ್ಕ, ವಯಸ್ಸಿಗೆ ಬಂದೆ ಅಂತ," ಎಂದಳು. "ನಾನೂ ಅಂಗೇ ಅನ್ಕಂಡು ಸುಮ್ಕಿದ್ಬುಟ್ಟೆ."

ಸಿಟ್ಟಿನಿಂದ ಹೇಳಲಿಲ್ಲ. ನಕ್ಕೇ ಹೇಳಿದಳು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಐದು ರವಿಕೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ, ಎಲ್ಲವನ್ನೂ ಮೂವತ್ತೊಂದಕ್ಕೆ ಹಿಡಿದೆ. ಕೊಡಲು ಹೊರಡುವ ಮೊದಲೇ ಅವಳು ಹೋಗಿಬಿಟ್ಟ ಸುದ್ದಿ ಬಂತು. ರವಿಕೆಗಳು ನನ್ನ ಬೀರುವಿನಲ್ಲೇ ಉಳಿದವು. ಅವಳು ಅಂದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮನೆಯವರಿಗೂ.

ಈಗ ನನ್ನ ಮೈಯ ವಿಷಯ. ಐವತ್ತಕ್ಕೆ ನನ್ನ ಮುಟ್ಟು ನಿಂತಿತು. ಅದರ ಹಿಂದೆಯೇ ಮೈ ಉಬ್ಬುತ್ತಾ ಹೋಯಿತು, ಹೊಟ್ಟೆ, ತೋಳು, ಕತ್ತಿನ ಹಿಂಭಾಗ. ಊರಿನ ಹೆಂಗಸರ ಅಳತೆಯೆಲ್ಲ ನನ್ನ ಪುಸ್ತಕದಲ್ಲಿದೆ, ನನ್ನದೊಂದಿಲ್ಲ. ನನ್ನ ಹಿಂದೆ ನಿಂತು ಟೇಪು ಹಿಡಿಯುವವರು ಯಾರು? ಹಳೆಯ ರವಿಕೆಯೊಂದನ್ನು ಅಳತೆಗಿಟ್ಟುಕೊಂಡು, ಕಣ್ಣಂದಾಜಿನಲ್ಲಿ ಒಂದಿಂಚು ಸೇರಿಸಿ ಕತ್ತರಿಸಿಕೊಳ್ಳುತ್ತಿದ್ದೆ. ಅಂದಾಜಿನಲ್ಲಿ ನಾನು ನನಗೇ ಮೋಸ ಮಾಡಿಕೊಳ್ಳುತ್ತಿದ್ದೆ ಎನ್ನುವುದು ಬೇರೆ ಮಾತು.

ನಮ್ಮನೆಯವರಿಗೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮೊದಲ ಶಿಫ್ಟು ಮುಗಿಸಿ ಮೂರೂವರೆಗೆ ಮನೆಗೆ ಬರುತ್ತಾರೆ. ಮಾತು ಕಡಿಮೆಯ ಮನುಷ್ಯ. ಮುಟ್ಟು ನಿಂತಾಗಿನಿಂದ ನಾನೇ ಅವರನ್ನು ದೂರ ಇಟ್ಟಿದ್ದೆ. ಒಂದು ಕಾರಣ ನೋವು. ಸೇರಿದಾಗಲೆಲ್ಲ ಒಳಗೆ ಗೀರಿದ ಹಾಗಾಗಿ ಎರಡು ದಿನ ಉರಿಯುತ್ತಿತ್ತು. ಇನ್ನೊಂದು ನಾಚಿಕೆ. ಈ ಹೊಟ್ಟೆಯನ್ನು ಅವರ ಕೈಗೆ ಕೊಡುವುದು ಹೇಗೆ ಎಂಬ ನಾಚಿಕೆ. ಅವರು ಹತ್ತಿರ ಸರಿದರೆ ಸರಿಯಾಗಿ ಆ ಹೊತ್ತಿಗೇ ನನಗೆ ಅವರ ಅಕ್ಕ ಯಾವಾಗಲೋ ಅಂದ ಮಾತು ನೆನಪಾಗಿ ಜಗಳಕ್ಕೆ ನಿಲ್ಲುತ್ತಿದ್ದೆ. ಪಾಪ, ಆ ಅತ್ತಿಗೆ ನನ್ನಿಂದ ಸುಮ್ಮನೆ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಹೋದ ವರ್ಷ ಒಂದು ಭಾನುವಾರ ಇಬ್ಬರೂ ಹುಲ್ಲಹಳ್ಳಿಯಲ್ಲಿ ಗೃಹಪ್ರವೇಶದ ಊಟ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆವು. ನಾನು ಸೀರೆ ಮಡಿಸುತ್ತಿದ್ದೆ. ನನ್ನ ಮೇಲೆ ನಿನಗೆ ಬೇಜಾರೇನಾದರೂ ಇದೆಯಾ ಎಂದು ಕೇಳಿದರು. ಕೇಳಿದ ರೀತಿಗೆ ನನ್ನ ಕಣ್ಣು ತುಂಬಿತು. ಜಗಳ ಹುಡುಕಲಿಲ್ಲ, ದೂರ ತಳ್ಳಲೂ ಇಲ್ಲ. ನೋವಾಯಿತು, ಆದರೂ ಅವರ ಕೈ ನನ್ನ ಹೊಟ್ಟೆಯ ಮೇಲೆ ನಾಚಿಕೆಯಿಲ್ಲದೆ ಇದ್ದದ್ದು ನೋಡಿ ಸಂತೋಷವೂ ಆಯಿತು. ಆಮೇಲೆ ಬಚ್ಚಲಿಗೆ ಹೋದೆ. ಕೆಂಪು ಕಂಡಿತು.

ಮುಟ್ಟು ನಿಂತು ಆಗಲೇ ಒಂದೂವರೆ ವರ್ಷ. ಬಚ್ಚಲ ಗೋಡೆ ಹಿಡಿದುಕೊಂಡು ನಿಂತೆ. ನಲವತ್ತನಾಲ್ಕು, ನಲವತ್ತು, ಮೂವತ್ತಾರು, ಮೂವತ್ತೊಂದು ಎಂದು ತಲೆಯೊಳಗೆ ತಾನಾಗಿ ಓಡತೊಡಗಿತು. ಅವಳಿಗೆ ಏನು ಅಂದೆನೋ ಅದೇ ನನಗೆ ಬಂತು ಅನ್ನಿಸಿತು. ಈ ವಯಸ್ಸಿನಲ್ಲಿ ಗಂಡನ ಪಕ್ಕ ಮಲಗಿದ್ದಕ್ಕೆ ಬಂತು ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ. ಹೆದರಿಕೆ ಮಾತ್ರ ಇತ್ತು.

ಆಸ್ಪತ್ರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಹೋದರೆ ಡಾಕ್ಟರು ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ. ಹೇಳದಿರುವವರೆಗೆ ಅದು ಇಲ್ಲ. ಹಾಗೆಂದುಕೊಂಡು ಕೂತೆ. ನಮ್ಮನೆಯವರನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ಎರಡು ಸಲ ಕೈ ತಳ್ಳಿದ ಮೇಲೆ ಅವರು ಚಾಪೆ ದಿಂಬು ಹಿಡಿದುಕೊಂಡು ಹಾಲ್‌ಗೆ ಹೋದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಏನೆಂದು ಹೇಳುತ್ತಿದ್ದೆನೋ.

ಇಲ್ಲಿ ನಾನು ಮಾಡಿದ ಒಂದು ದಡ್ಡತನ ಹೇಳಬೇಕು. ಟೈಲರ್ ಅಲ್ಲದವರು ಇದನ್ನು ಮಾಡಲಾರರು. ಅವಳ ಕಾಯಿಲೆಯನ್ನು ನಾನು ಕಂಡದ್ದು ಟೇಪಿನಲ್ಲಿ. ಅವಳ ರವಿಕೆ ಸಡಿಲವಾಗುತ್ತಾ ಹೋಯಿತು, ಅವಳು ಹೋದಳು. ಹಾಗಾಗಿ ನನ್ನ ರವಿಕೆ ಬಿಗಿಯಾಗಿರುವವರೆಗೆ ನನಗೇನೂ ಆಗಿಲ್ಲ ಎಂದು ಲೆಕ್ಕ ಹಾಕಿದೆ. ಬೆಳಗ್ಗೆ ಎದ್ದು ಹುಕ್ಸು ಹಾಕುವಾಗ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹುಕ್ಸು ಸಲೀಸಾಗಿ ಕೂತ ದಿನ ಒಂದು ಮುದ್ದೆ ಹೆಚ್ಚಿಗೆ ನುಂಗುತ್ತಿದ್ದೆ. ಅನ್ನಕ್ಕೆ ತುಪ್ಪ, ಸಂಜೆ ಬಸ್ ಸ್ಟಾಂಡಿನ ಬೋಂಡ, ಊಟವಾದ ಮೇಲೆ ರಸಬಾಳೆ ಒಂದಲ್ಲ, ಮೂರು. ಹಸಿವಿರುತ್ತಿರಲಿಲ್ಲ. ಔಷಧಿ ನುಂಗಿದ ಹಾಗೆ ನುಂಗುತ್ತಿದ್ದೆ. ಒಳಗಿನ ಸಾಲು ಬಿಚ್ಚಿದೆ. ಒಂದು ತಿಂಗಳಿಗೆ ಎರಡನೆಯದನ್ನೂ ಬಿಚ್ಚಿದೆ. ಲೋಕದಲ್ಲಿ ಹೊಲಿಗೆ ಬಿಚ್ಚಿ ಸಮಾಧಾನಪಟ್ಟುಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

ರಕ್ತ ನಿಲ್ಲಲಿಲ್ಲ. ಎರಡು ವಾರ ಏನೂ ಇಲ್ಲದೆ, ಮತ್ತೆ ಒಂದು ದಿನ. ಅವರು ಹತ್ತಿರವೇ ಬಂದಿರಲಿಲ್ಲ, ಆದರೂ ಬರುತ್ತಿತ್ತು. ಇದು ಅವರಿಂದ ಬಂದದ್ದಲ್ಲ ಎಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಲೈನಿಂಗ್ ಬಟ್ಟೆಯ ತುಂಡುಗಳನ್ನು ಮಡಿಸಿ ಇಟ್ಟುಕೊಂಡು ಮೆಷಿನ್ ತುಳಿಯುತ್ತಿದ್ದೆ. ಒಮ್ಮೆ ಒಬ್ಬರ ಅಳತೆ ತೆಗೆಯುತ್ತಿದ್ದಾಗ ಕಾಲಿನ ಮೇಲೆ ಬಿಸಿಯಾಗಿ ಇಳಿಯಿತು. ಸಂಖ್ಯೆ ತಪ್ಪಾಗಿ ಬರೆದುಕೊಂಡೆ. ಆ ರವಿಕೆ ಹಾಳಾಯಿತು, ಬಟ್ಟೆ ಕೊಂಡು ಹೊಸದಾಗಿ ಹೊಲಿದುಕೊಟ್ಟೆ.

ನಾಲ್ಕನೆಯ ತಿಂಗಳಿಗೆ ಮೂರನೆಯ ಸಾಲೂ ಬಿಗಿಯಾಗಿ ಕಂಕುಳಲ್ಲಿ ಪರ್ ಎಂದು ಹರಿಯಿತು. ಅಳತೆಯ ರವಿಕೆಯೂ ಕೆಲಸಕ್ಕೆ ಬಾರದಾಯಿತು. ಹಾಕಿಕೊಳ್ಳಲು ಬೇರೆ ಇರಲಿಲ್ಲ. ಹೊಸದು ಕತ್ತರಿಸಬೇಕಾದರೆ ಯಾರಾದರೂ ಟೇಪು ಹಿಡಿಯಲೇಬೇಕು. ನಮ್ಮನೆಯವರು ಶಿಫ್ಟಿನಿಂದ ಬಂದು ಕಾಫಿ ಕುಡಿದು ಲೋಟ ತೊಳೆದಿಟ್ಟರು. ಬನ್ನಿ, ಸ್ವಲ್ಪ ಅಳತೆ ಹಿಡಿದುಕೊಡಿ ಎಂದೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಅವರನ್ನು ಅಂಗಡಿಯ ಕೆಲಸಕ್ಕೆ ಕರೆದದ್ದು ಅದೇ ಮೊದಲು. ಗಾಬರಿಯಾಗಿ ಕೈಯನ್ನು ಲುಂಗಿಗೆ ಒರೆಸಿಕೊಂಡರು.

ಬಾಗಿಲು ಮುಂದೆ ಮಾಡಿ, ಗೋಡೆಗೆ ಮುಖ ಮಾಡಿ, ಕೈ ಎತ್ತಿ ನಿಂತೆ. ಅವರು ಟೇಪನ್ನು ತಲೆಕೆಳಗಾಗಿ ಹಿಡಿದಿದ್ದರು. ತಿರುಗಿಸಿ ಎಂದೆ. ನನ್ನ ಬೆನ್ನ ಮೇಲೆ ಅವರ ಬೆರಳುಗಳು ತಡಕಾಡುತ್ತಿದ್ದವು. ಎದುರಿಗೆ ಕ್ಯಾಲೆಂಡರ್. ಇಪ್ಪತ್ತಾರು ವರ್ಷ ಎಲ್ಲರೂ ನೋಡಿದ ಕ್ಯಾಲೆಂಡರ್‌ನ ಜಾಗ. ಅಲ್ಲಿ ನಿಂತರೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೈ ಮೇಲಿದ್ದರೆ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ.

"ನಂಗೆ ರಕ್ತ ಓಯ್ತಾ ಅದೆ," ಎಂದೆ. "ನಾಕ್ ತಿಂಗ್ಳಾಯ್ತು."

ಟೇಪು ನಿಂತಿತು. ಅವಳ ವಿಷಯ, ನಾನು ನಗಿಸಿದ್ದು, ಅವಳು ಮಂಚದ ಮೇಲೆ ಅಂದ ಮಾತು, ಬಚ್ಚಲು, ಬೋಂಡ, ಎಲ್ಲವನ್ನೂ ಗೋಡೆಗೆ ಹೇಳಿದೆ. ಸಾಯುತ್ತೇನೆ ಅಂತ ಹೆದರಿಕೆ ಆಗುತ್ತಿದೆ ಎಂದೂ ಹೇಳಿದೆ. ಕೈ ಸೋತು ಇಳಿಸಿ ತಿರುಗಿ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿಂಗೆ ನನ್ನ ಕಂಡ್ರಾಗದು ಅನ್ಕಂಡಿದ್ನಲ್ಲಮ್ಮಿ," ಎಂದರು.

ಮರುದಿನ ರಜೆ ಹಾಕಿ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ತೂಕದ ಮೆಷಿನ್ ಸಾಲಿನ ಎದುರಿಗೇ ಇತ್ತು. ನರ್ಸಮ್ಮ ತೊಂಬತ್ತಮೂರು ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದರು. ಬೇರೆ ದಿನವಾಗಿದ್ದರೆ ಅವರಿಗೆ ತಕ್ಕ ಉತ್ತರ ಸಿಗುತ್ತಿತ್ತು. ಅವತ್ತು ನನಗೆ ಆ ಸಂಖ್ಯೆ ಕೇಳಿ ಒಳಗೊಳಗೇ ಧೈರ್ಯ ಬಂತು. ಇಷ್ಟು ತೂಕ ಇರುವವಳಿಗೆ ಅದು ಇರಲಾರದು ಎಂದುಕೊಂಡೆ.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ, ತೆಳ್ಳಗಾಗಬಾರದೆಂದು ತಿಂದದ್ದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. "ಮುಟ್ಟು ನಿಂತ ಮೇಲೂ ಮೈಯಲ್ಲಿರೋ ಕೊಬ್ಬು ಒಂದು ಹಾರ್ಮೋನ್ ಮಾಡ್ತಾನೇ ಇರುತ್ತಮ್ಮ," ಎಂದರು. "ಅದು ಜಾಸ್ತಿಯಾದ್ರೆ ಗರ್ಭಕೋಶದ ಒಳಪದರ ದಪ್ಪ ಆಗುತ್ತೆ. ನೀವು ಹೆದರ್ಕೊಂಡು ತಿಂದಿದ್ದು ಅದಕ್ಕೇ ಗೊಬ್ಬರ ಆಗಿದೆ."

ನಾನು ಅಲ್ಲೇ ಕುಗ್ಗಿಹೋದೆ. ಗಂಡನ ಜೊತೆ ಸೇರಿದ್ದರಿಂದ ಬಂದದ್ದಾ ಎಂದು ಮೆಲ್ಲಗೆ ಕೇಳಿದೆ. ಅಲ್ಲ ಎಂದರು. ಅವತ್ತು ಕಣ್ಣಿಗೆ ಬಿತ್ತು ಅಷ್ಟೆ, ಒಳಗೆ ಮೊದಲೇ ಇತ್ತು ಎಂದರು. ಸೇರುವಾಗ ನೋವಿದೆಯಾ ಎಂದು ಅವರಾಗಿ ಕೇಳಿದರು. ಐವತ್ತೆರಡು ವರ್ಷಕ್ಕೆ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲ ಮನುಷ್ಯರು ಅವರು. ಮುಟ್ಟು ನಿಂತ ಮೇಲೆ ಒಳಗೆ ಒಣಗುತ್ತದೆ, ಅದಕ್ಕೆ ಹಚ್ಚಿಕೊಳ್ಳುವ ಜೆಲ್ ಇದೆ, ನಾಚಿಕೆಪಟ್ಟು ನೋವು ತಿನ್ನುವುದು ಬೇಡ ಎಂದರು. ಸ್ಕ್ಯಾನ್ ಮಾಡಿಸಿದರು. ಒಳಪದರ ಇರಬೇಕಾದದ್ದಕ್ಕಿಂತ ತುಂಬಾ ದಪ್ಪವಿತ್ತು. ಅದರ ಒಂದು ಚೂರು ತೆಗೆದು ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕು ಎಂದರು.

ಆ ಹತ್ತು ದಿನವನ್ನು ಹೇಗೆ ಬರೆಯಲಿ? ಕಪಿಲೆಯ ಸೋಪಾನಕಟ್ಟೆಗೆ ಹೋಗಿ ಕೂತರೆ ನೀರು ನೋಡಲಾಗುತ್ತಿರಲಿಲ್ಲ. ದೇವಸ್ಥಾನದೊಳಗೆ ಹೋಗಲು ಹೆದರಿ ಹೊರಗಿನಿಂದಲೇ ಕೈ ಮುಗಿದೆ. ಗಿರಾಕಿಗಳ ಮಾತು ಕಿವಿಗೆ ಬೀಳುತ್ತಿತ್ತು, ನಗು ಬರುತ್ತಿರಲಿಲ್ಲ. ಏಳನೆಯ ದಿನ ಬೀರು ತೆಗೆದು ಅವಳ ಐದು ರವಿಕೆ ಹೊರಗಿಟ್ಟೆ. ಮೂವತ್ತೊಂದಕ್ಕೆ ಹಿಡಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಐದನ್ನೂ ನಲವತ್ತನಾಲ್ಕಕ್ಕೆ ತಂದೆ. ನಮ್ಮನೆಯವರು ಶಿಫ್ಟಿನಿಂದ ಬಂದು ಎದುರಿಗೆ ಕೂತು ಬಿಚ್ಚಿದ ದಾರಗಳನ್ನು ನೆಲದಿಂದ ಆರಿಸಿದರು. ಚಾಪೆ ದಿಂಬು ಆಗಲೇ ಹಾಲ್‌ನಿಂದ ಒಳಗೆ ಬಂದಿತ್ತು.

ಹನ್ನೊಂದನೆಯ ದಿನ ಡಾಕ್ಟರಮ್ಮ ಕಾಗದ ನೋಡಿ, ಮೊದಲು ಕೂತುಕೊಳ್ಳಿ ಎಂದರು. ಕೂರಲು ಹೇಳಿದರೆ ಮುಗಿಯಿತು ಎಂದುಕೊಂಡೆ. ಕ್ಯಾನ್ಸರ್ ಅಲ್ಲ ಎಂದರು. ಆದರೆ ಹಾಗೇ ಬಿಟ್ಟಿದ್ದರೆ ಆ ಕಡೆಗೆ ತಿರುಗಬಹುದಾಗಿತ್ತು, ಬಂದದ್ದು ಒಳ್ಳೆಯದಾಯಿತು ಎಂದರು. ಮಾತ್ರೆ ಬರೆದರು, ತೂಕ ಇಳಿಸಲೇಬೇಕು ಎಂದರು, ಆರು ತಿಂಗಳಿಗೆ ಮತ್ತೆ ಚೂರು ತೆಗೆದು ನೋಡಬೇಕು ಎಂದರು. ನಾನು ಅತ್ತೆ. ನನಗಾಗಿ ಅತ್ತದ್ದು ಸ್ವಲ್ಪ. ಅವಳು ನನ್ನ ಗೋಡೆಯ ಮುಂದೆ ನಿಂತಿದ್ದ ಬೆಳಗ್ಗೆ ಅವಳಿಗೂ ಇಷ್ಟೇ ಇತ್ತೇನೋ.

ಈಗ ಬೆಳಗ್ಗೆ ಇಬ್ಬರೂ ಹೊಳೆಯ ಕಡೆ ನಡೆದು ಬರುತ್ತೇವೆ. ಮುದ್ದೆ ಅರ್ಧವಾಗಿದೆ, ಬೋಂಡ ಇಲ್ಲ. ಹೊಸ ರವಿಕೆ ಮೊನ್ನೆ ತೋಳಿನ ಹತ್ತಿರ ಸಡಿಲವಾಯಿತು. ಸಂತೋಷಪಡಬೇಕಾದದ್ದು, ಡಾಕ್ಟರಮ್ಮ ಹೇಳಿದ್ದೇ ಅದನ್ನು. ಆದರೂ ಇಳಿದದ್ದು ನಡೆದದ್ದಕ್ಕಾ, ಇಲ್ಲ ಬೇರೆಯದಕ್ಕಾ ಎಂದು ಅವರನ್ನು ಎರಡು ಸಲ ಕೇಳಿದೆ. ಎರಡನೆಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಅಳತೆ ತೆಗೆಯುವಾಗ ವಯಸ್ಸು ನಲವತ್ತೈದು ದಾಟಿದವರನ್ನು ಈಗ ನಾನು ಒಂದು ಮಾತು ಕೇಳುತ್ತೇನೆ. ಹೋದ ವಾರ ಹುಲ್ಲಹಳ್ಳಿಯಿಂದ ಒಬ್ಬಾಕೆ ಬಂದಿದ್ದಳು. ಹೊಸಬಳು. ಐವತ್ತೈದರ ಮೇಲಿರಬೇಕು, ಎದೆ ಸುತ್ತು ನಲವತ್ತಾರು. ಕೈ ಎತ್ತಿ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು. ಮುಟ್ಟು ನಿಂತ ಮೇಲೆ ಯಾವಾಗಲಾದರೂ ಮತ್ತೆ ಕಾಣಿಸಿಕೊಂಡಿತ್ತಾ ಎಂದು ಕೇಳಿದೆ. ಅವಳ ಕೈಗಳು ಮೆಲ್ಲಗೆ ಇಳಿದು ನನ್ನ ಟೇಪಿನ ಮೇಲೆ ಕೂತವು.

"ಊಂ ಕಣಕ್ಕ, ಉಗಾದಿಯಿಂದ ಆಯ್ತಾ ಅದೆ," ಎಂದಳು. "ವಯಸ್ಸು ತಿರ್ಗಾ ಬತ್ತಾ ಅದೆ, ಒಳ್ಳೇದು ಬುಡು ಅಂದ್ರು ನಮ್ಮತ್ತಿಗೆ." ಹೇಳಿ ನಕ್ಕಳು, ನಾನೂ ನಗುತ್ತೇನೆಂದು ಕಾದಳು.

ನಾನು ನಗಲಿಲ್ಲ. ನಲವತ್ತಾರು ಎಂದು ಬರೆದುಕೊಳ್ಳಲೂ ಇಲ್ಲ. ಟೇಪು ಸುತ್ತಿಟ್ಟು, ಚಪ್ಪಲಿ ಹಾಕಿಕೋ, ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದು ಅಂಗಡಿಯ ಬಾಗಿಲು ಎಳೆದುಕೊಂಡೆ.